ಅಟ್ಟದ ಮೇಲಿನ ರೌಟರ್‌ಗೆ ಆಟದ ಕೆಲಸ

ಪ್ಲೇಸ್ಟೇಷನ್ 4ರ ಮೊದಲ ಮಾದರಿ ಇನ್ನೂ ನಿಮ್ಮ ಮನೆಯಲ್ಲಿದ್ದರೆ ಅದನ್ನು ಬದಲಿಸುವ ಅವಸರ ಬೇಡ. 2013ರಲ್ಲಿ ಬಂದ ಆ ಯಂತ್ರಕ್ಕೆ ಇನ್ನೂ ದಮ್ಮಿದೆ. ಸೋತಿರುವುದು ಅದರ ವೈಫೈ ಮಾತ್ರ. ಸೋನಿ ಅದರೊಳಗೆ ಇಟ್ಟದ್ದು ಬರೀ 2.4 ಗಿಗಾಹರ್ಟ್ಸ್ ರೇಡಿಯೊ. 5 ಗಿಗಾಹರ್ಟ್ಸ್ ಸಿಕ್ಕಿದ್ದು 2016ರಲ್ಲಿ ಬಂದ ಸ್ಲಿಮ್ ಮತ್ತು ಪ್ರೊ ಮಾದರಿಗಳಿಗೆ.

2.4ರಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಪಾರ್ಟ್‌ಮೆಂಟಿನ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳೆಲ್ಲ ಅಷ್ಟರಲ್ಲೇ ಹೆಣಗಬೇಕು. ಅಡುಗೆಮನೆಯ ಮೈಕ್ರೋವೇವ್ ಕೂಡ ಅಲ್ಲೇ. ಸಾಲದ್ದಕ್ಕೆ ಕೈಯಲ್ಲಿರುವ ಡ್ಯುಯಲ್‌ಶಾಕ್ ಕಂಟ್ರೋಲರಿನ ಬ್ಲೂಟೂತ್ ಕೂಡ ಅಲ್ಲೇ. ಆನ್‌ಲೈನ್ ಪಂದ್ಯದಲ್ಲಿ ಎದುರಾಳಿ ನಿಂತಲ್ಲೇ ನಿಂತು, ತಟ್ಟನೆ ನಿಮ್ಮ ಬೆನ್ನ ಹಿಂದೆ ಕಾಣಿಸಿಕೊಂಡರೆ ಬೆರಳನ್ನು ಬೈದು ಫಲವಿಲ್ಲ.

ಅದೇ ಯಂತ್ರದ ಬೆನ್ನಲ್ಲಿ ಗಿಗಾಬಿಟ್ ಈಥರ್ನೆಟ್ ಪೋರ್ಟ್ ಖಾಲಿ ಕೂತಿದೆ. ಫೈಬರ್ ಬಂದ ಮೇಲೆ ಅಟ್ಟ ಸೇರಿದ ಹಳೇ ರೌಟರನ್ನು ಇಳಿಸಿ. ಅದು ಡ್ಯುಯಲ್ ಬ್ಯಾಂಡ್ ಆಗಿರಬೇಕು, ಇದೊಂದು ಮುಖ್ಯ. ಗಾಳಿಯಲ್ಲಿ ಬರುವ 5 ಗಿಗಾಹರ್ಟ್ಸ್ ಸಿಗ್ನಲನ್ನು ಅದು ಹಿಡಿದು, ಕೇಬಲ್ಲಿನ ಮೂಲಕ ಕನ್ಸೋಲಿಗೆ ಕೊಡುತ್ತದೆ. ಕನ್ಸೋಲಿನ ಮಟ್ಟಿಗೆ ಅದು ಅಪ್ಪಟ ವೈರ್ಡ್ ಸಂಪರ್ಕ. ಹೀಗೆ ಕೆಲಸ ಮಾಡುವ ರೌಟರಿಗೆ ಬ್ರಿಡ್ಜ್ ಅನ್ನುತ್ತಾರೆ.

ಇದು ಹಳೇ ಪಾಠವೇ. 2005ರ ಎಕ್ಸ್‌ಬಾಕ್ಸ್ 360ರೊಳಗೆ ವೈಫೈ ಇರಲೇ ಇಲ್ಲ, ಅಡಾಪ್ಟರನ್ನು ಬೇರೆ ಕೊಳ್ಳಬೇಕಿತ್ತು. ಅಷ್ಟರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನ ಲಿನಕ್ಸ್ ಸೋರ್ಸ್ ಕೋಡ್ 2003ರಲ್ಲೇ ಹೊರಬಂದಿತ್ತು. ಅದರಿಂದ ಹುಟ್ಟಿದ ಡಿಡಿ-ಡಬ್ಲ್ಯುಆರ್‌ಟಿ, ಓಪನ್‌ಡಬ್ಲ್ಯುಆರ್‌ಟಿಗಳನ್ನು ಹಾಕಿಕೊಂಡು ಆಟಗಾರರು ಮೂಲೆಗುಂಪಾದ ರೌಟರುಗಳನ್ನೇ ಅಡಾಪ್ಟರು ಮಾಡಿಕೊಂಡರು. ಆ ಕಾಲದ ಹುಡುಗರ ಮೇಲೆ ನನಗೆ ಇವತ್ತಿಗೂ ಅಭಿಮಾನ.

ಈಗ ಅಷ್ಟು ಶ್ರಮವೂ ಬೇಡ. ಪಿನ್ನಿನಿಂದ ರೀಸೆಟ್ ಒತ್ತಿ ಹಿಡಿದು, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಏಸುಸ್‌ನ ಅನೇಕ ರೌಟರುಗಳಲ್ಲಿ 'ಮೀಡಿಯಾ ಬ್ರಿಡ್ಜ್' ಅಂತಲೇ ಇದೆ. ಟಿಪಿ-ಲಿಂಕ್‌ನ ಹಲವು ಮಾದರಿಗಳಲ್ಲಿ 'ಡಬ್ಲ್ಯುಡಿಎಸ್ ಬ್ರಿಡ್ಜಿಂಗ್'. ಮುಖ್ಯ ರೌಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಇಲ್ಲದಿದ್ದರೆ ಎರಡೂ ಒಂದೇ ವಿಳಾಸಕ್ಕೆ ಜಗಳವಾಡುತ್ತವೆ. ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಇದರಲ್ಲಿ ಆಫ್ ಮಾಡಿ. ಮನೆಯ 5 ಗಿಗಾಹರ್ಟ್ಸ್ ಹೆಸರು ಆರಿಸಿ ಪಾಸ್‌ವರ್ಡ್ ಹಾಕಿ. ಕನ್ಸೋಲಿನ ಕೇಬಲ್ ಲ್ಯಾನ್ ಪೋರ್ಟಿಗೇ ಹೋಗಬೇಕು, ಬೇರೆ ಬಣ್ಣದ ವ್ಯಾನ್ ಪೋರ್ಟಿಗಲ್ಲ.

ಡಿಎಚ್‌ಸಿಪಿಯನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬ್ರಿಡ್ಜ್ ಆದ ಮೇಲೆ ರೌಟರು ತನ್ನ ಯಜಮಾನಿಕೆ ಬಿಡಬೇಕು. ಅದೂ ತನ್ನ ಪಾಡಿಗೆ ವಿಳಾಸ ಹಂಚುತ್ತ, ಹಾದುಹೋಗುವ ಡೇಟಾದ ವಿಳಾಸವನ್ನು ಮತ್ತೊಮ್ಮೆ ಬದಲಿಸುತ್ತ ಕೂತರೆ ಡಬಲ್ ನ್ಯಾಟ್ ಆಗುತ್ತದೆ. ಆಗ ಪಾರ್ಟಿ ಚಾಟ್‌ನಲ್ಲಿ ಗೆಳೆಯರ ದನಿ ಕೇಳದೇ ಹೋಗಬಹುದು. ಪ್ಲೇಸ್ಟೇಷನ್ನಿನ ಇಂಟರ್ನೆಟ್ ಪರೀಕ್ಷೆಯ ಕೊನೆಯಲ್ಲಿ 'ನ್ಯಾಟ್ ಟೈಪ್ 2' ಬಂದರೆ ನಿಶ್ಚಿಂತೆ. 3 ಬಂದರೆ ಮೊದಲು ಈ ಸೆಟ್ಟಿಂಗ್ ನೋಡಿ.

ವೇಗ ಹೆಚ್ಚಿದರೆ ಸಿಗುವ ಲಾಭದ ಲೆಕ್ಕ ಸುಲಭ. 100 ಜಿಬಿ ಗೇಮ್ ಇಳಿಯಲು 20 ಎಂಬಿಪಿಎಸ್‌ನಲ್ಲಿ ಹನ್ನೊಂದು ಗಂಟೆ ಬೇಕು, 80ರಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ.

5 ಗಿಗಾಹರ್ಟ್ಸ್‌ಗೆ ಗೋಡೆ ಕಂಡರಾಗದು. ಹಾಗಾಗಿ ಬ್ರಿಡ್ಜನ್ನು ಟಿವಿಯ ಹಿಂದೆ ತುರುಕಬೇಡಿ. ಮುಖ್ಯ ರೌಟರಿಗೆ ನೇರ ಕಾಣುವ ಬಾಗಿಲ ಬಳಿ, ಎತ್ತರದಲ್ಲಿಟ್ಟು ಅಲ್ಲಿಂದ ಉದ್ದ ಕೇಬಲ್ ತನ್ನಿ. ಅಷ್ಟು ಕೇಬಲನ್ನು ಮುಖ್ಯ ರೌಟರಿನಿಂದಲೇ ಎಳೆಯಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಈ ಏರ್ಪಾಡೇ ಬೇಡ. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಅನ್ನುವವರು ಬ್ರಿಡ್ಜ್ ಮಾಡಿ. ಉಳಿದ ಲ್ಯಾನ್ ಪೋರ್ಟುಗಳಿಗೆ ಟಿವಿಯನ್ನೂ ಸೆಟ್‌ಟಾಪ್ ಬಾಕ್ಸನ್ನೂ ಸಿಕ್ಕಿಸಿಕೊಳ್ಳಬಹುದು.