ವಿಶ್ವನಾಥನ ಒತ್ತಕ್ಷರ

ಕಾಶಿಯ ಜಂಗಮವಾಡಿ ಮಠದ ಹತ್ತಿರ ನಿಂತು ಅಮ್ಮ ಮೊಬೈಲಿನಲ್ಲಿ ಯಾತ್ರೆಯ ಕನ್ನಡ ಪುಟವೊಂದನ್ನು ತೆರೆದರು. ಕಣ್ಣು ಮಂಜಾದ ಮೇಲೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಸಿಕೊಂಡಿದ್ದಾರೆ. ಪುಟದಲ್ಲಿ ಅಕ್ಷರವೇನೋ ಹಿಗ್ಗಿತು, ಅದರ ಪೆಟ್ಟಿಗೆ ಹಿಗ್ಗಲಿಲ್ಲ. ಒತ್ತಕ್ಷರ ಕತ್ತರಿಸಿಹೋಗಿ ‘ವಿಶ್ವನಾಥ’ ‘ವಿಶನಾಥ’ನಾದ, ‘ರಾತ್ರಿ’ ‘ರಾತಿ’ಯಾಯಿತು.

ಪೆಟ್ಟಿಗೆಯ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಕಟ್ಟಿಹಾಕಿ, ಹೊರಚೆಲ್ಲಿದ್ದನ್ನು ಮರೆಮಾಡಿದರೆ ಆಗುವುದೇ ಇದು. ಎತ್ತರ ಬರೆಯದೆ ಬಿಟ್ಟಿದ್ದರೆ ತಾನಾಗಿ ಬೆಳೆಯುತ್ತಿತ್ತು! ಅಕ್ಷರವನ್ನು 200% ಹಿಗ್ಗಿಸಿದರೂ ಏನೂ ಕಳೆದುಹೋಗಬಾರದೆಂದು ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ಹೇಳಿದ್ದು 2008ರಲ್ಲಿ. ನಾವೋ, ಇಂಗ್ಲಿಷ್ ಪುಟ ಪರೀಕ್ಷಿಸಿ ಸುಮ್ಮನಾಗುತ್ತೇವೆ. ಅಲ್ಲಿ ಒತ್ತಕ್ಷರವೇ ಇಲ್ಲ. (ಇಂಥ ಪುಟಗಳಿಗೆ ನಾನೂ ಸೈನ್‌ಆಫ್ ಕೊಟ್ಟಿದ್ದೇನೆ.)

ಅಮ್ಮ ಫೋನನ್ನು ನನ್ನ ಕೈಗಿಟ್ಟರು: “ನೀನೇ ಓದಪ್ಪ.”