ಎರಡೂವರೆ ಸುತ್ತಿನ ಓಟ

ಉಡುಪಿಯ ಅಜ್ಜರಕಾಡು ಮೈದಾನದಲ್ಲಿ 800, 1500 ಮೀಟರ್ ಓಟಗಳಿಗೆ ಬರವಿಲ್ಲ. ನನಗೆ ಇಷ್ಟವಾದದ್ದು ಅವೆರಡರ ನಡುವಿನ 1000 ಮೀಟರ್. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಪದಕವಿಲ್ಲ, ವಿಶ್ವದಾಖಲೆ ಮಾತ್ರ ಉಂಟು. 400 ಮೀಟರಿನ ಟ್ರ್ಯಾಕಿನಲ್ಲಿ ಎರಡೂವರೆ ಸುತ್ತು. 200 ಮೀಟರ್ ಓಟ ಹೊರಡುವ ತಿರುವಿನಲ್ಲೇ ಇದರದ್ದೂ ಆರಂಭ. 800ರ ವೇಗದಲ್ಲಿ ಹೊರಟವನಿಗೆ ಕೊನೆಯ ತಿರುವಿನಲ್ಲಿ ತೊಡೆ ಕಲ್ಲಾಗುತ್ತದೆ. 1500ರ ತಾಳ್ಮೆ ಹಿಡಿದವನು ಅಷ್ಟರಲ್ಲಾಗಲೇ ಹಿಂದೆ ಬಿದ್ದಿರುತ್ತಾನೆ. ಈ ಇಕ್ಕಟ್ಟೇ ಇದರ ರುಚಿ!

1981ರಲ್ಲಿ ಓಸ್ಲೊದಲ್ಲಿ ಬ್ರಿಟನ್ನಿನ ಸೆಬಾಸ್ಟಿಯನ್ ಕೋ ಈ ದೂರವನ್ನು 2 ನಿಮಿಷ 12.18 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಆ ದಾಖಲೆಯನ್ನು ಮುರಿಯಲು 18 ವರ್ಷ ಬೇಕಾಯಿತು: 1999ರಲ್ಲಿ ಇಟಲಿಯ ರಿಯೆಟಿಯಲ್ಲಿ ಕೀನ್ಯಾದ ನೋವಾ ಎನ್‌ಗೆನಿ, 2:11.96. ಮಹಿಳೆಯರಲ್ಲಿ ರಷ್ಯಾದ ಸ್ವೆಟ್ಲಾನಾ ಮಾಸ್ತರ್ಕೋವಾ 1996ರಲ್ಲಿ ಬರೆದ ದಾಖಲೆ 2:28.98, 2020ರಲ್ಲಿ ಕೀನ್ಯಾದ ಫೇತ್ ಕಿಪ್ಯೆಗಾನ್‌ಗೆ ಅದು ತಪ್ಪಿದ್ದು ಬರೀ 0.17 ಸೆಕೆಂಡಿನಲ್ಲಿ.