ಅರ್ಧ ಹೇಳಿದ ಸಕ್ಕರೆಯ ಕಥೆ

ಗರ್ಭಿಣಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ, ಆಗತಾನೆ ಹುಟ್ಟಿದ ಅವಳ ಮಗುವಿಗೆ ಯಾವ ಅಪಾಯ? ರಕ್ತದಲ್ಲಿ ಸಕ್ಕರೆ ಏರುವುದೇ, ಇಳಿಯುವುದೇ? ಚಾಮರಾಜನಗರ, ಗುಂಡ್ಲುಪೇಟೆಗಳ ವಿಜ್ಞಾನ ಶಿಕ್ಷಕರ ಕಮ್ಮಟಗಳಲ್ಲಿ ಈ ಪ್ರಶ್ನೆಗೆ ನನಗೆ ದೊರೆತ ಉತ್ತರ ಬಹುಮಟ್ಟಿಗೆ ಒಂದೇ: 'ಏರುವುದು'. ತಪ್ಪು ಶಿಕ್ಷಕರದಲ್ಲ. ನಮ್ಮ ಆರೋಗ್ಯ ಲೇಖನಗಳೂ ಭಿತ್ತಿಪತ್ರಗಳೂ ಹೆಚ್ಚಾಗಿ 'ತಾಯಿಯ ಸಕ್ಕರೆ ಮಗುವಿಗೂ ಹೋಗುತ್ತದೆ' ಎಂಬಲ್ಲಿಗೇ ನಿಲ್ಲುತ್ತವೆ. ಮಾತು ಸರಿ, ವಿವರಣೆ ಅರ್ಧ.

ಉಳಿದರ್ಧವನ್ನು ನೋಡೋಣ. ಜರಾಯುವಿನ ವಾಹಕ ಪ್ರೋಟೀನುಗಳು ಗ್ಲೂಕೋಸನ್ನು ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ದಾಟಿಸುತ್ತವೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಆದ್ದರಿಂದ ಭ್ರೂಣದ ಮೇದೋಜೀರಕ ಗ್ರಂಥಿ ತಾನೇ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ಮುಂದಿಟ್ಟ ವಿವರಣೆ ಇದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಉಳಿಯುತ್ತದೆ. ಕೆರೆಗೆ ಬರುವ ಕಾಲುವೆ ಮುಚ್ಚಿದರೂ ಪಂಪು ನೀರೆತ್ತುತ್ತಲೇ ಇದ್ದಂತೆ! ಒಂದೆರಡು ಗಂಟೆಗಳಲ್ಲೇ ಮಗುವಿನ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಈ ಲೇಖನಗಳ ಎರಡನೆಯ ದೋಷ, ತೊಡಕುಗಳನ್ನು ಸಂಬಂಧವಿಲ್ಲದ ಪಟ್ಟಿಯಾಗಿ ಕೊಡುವುದು. ಅತಿಯಾದ ತೂಕ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವುದು, ಶ್ವಾಸಕೋಶ ತಡವಾಗಿ ಬಲಿಯುವುದು ಇವಕ್ಕೆಲ್ಲ ಭ್ರೂಣದ ಹೆಚ್ಚುವರಿ ಇನ್ಸುಲಿನ್ನಿನ ನಂಟಿದೆ. ಹೃದಯ, ಬೆನ್ನುಹುರಿಗಳ ದೋಷಗಳ ಕಾರಣವೇ ಬೇರೆ. ಗರ್ಭದ ಮೊದಲ ವಾರಗಳಲ್ಲಿ, ಅಂಗಗಳು ರೂಪುಗೊಳ್ಳುವಾಗ, ತಾಯಿಯ ಸಕ್ಕರೆ ಹೆಚ್ಚಿದ್ದರೆ ಅವು ಉಂಟಾಗಬಹುದು. ಮೊದಲೇ ಮಧುಮೇಹವಿರುವವಳು ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣಬೇಕಾದುದು ಅದಕ್ಕಾಗಿ.

ಮೂರನೆಯದು, ದುಂಡಗಿನ ಮಗುವಿನ ಚಿತ್ರ. ತೂಕವೆಲ್ಲ ಆರೋಗ್ಯವಲ್ಲ. ಚಾಮರಾಜನಗರ ಜಿಲ್ಲೆ 1997ರವರೆಗೆ ಸೇರಿದ್ದ ಮೈಸೂರಿನಲ್ಲೇ ಇದಕ್ಕೆ ಆಧಾರವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಶೇಕಡಾ 6.2ರಷ್ಟು ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಅವರ ಶಿಶುಗಳು ಹುಟ್ಟುವಾಗ ಉಳಿದವುಗಳಿಗಿಂತ ದೊಡ್ಡವಾಗಿದ್ದವು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ಮಕ್ಕಳಲ್ಲಿ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಾಗಿ ಕಂಡುಬಂದವು.

ಅರ್ಧ ವಿವರಣೆಯಿಂದಾಗುವ ಹಾನಿ ತರಗತಿಯಲ್ಲೇ ಮುಗಿಯುವುದಿಲ್ಲ. 'ಮಗುವಿನಲ್ಲಿ ಸಕ್ಕರೆ ಹೆಚ್ಚಿದೆ' ಎಂದು ನಂಬಿದ ಅಜ್ಜಿ ಹಾಲೂಡಿಸುವುದನ್ನು ಮುಂದೂಡಬಹುದು; ಮಂಕಾಗಿ ಮಲಗಿದ ಕೂಸನ್ನು 'ಸಾಧು ಮಗು' ಎಂದು ಮೆಚ್ಚಬಹುದು. ಆ ಮಂಕೇ ಸಕ್ಕರೆ ಕುಸಿದುದರ ಲಕ್ಷಣವಿರಬಹುದು. ಕೆಲವೊಮ್ಮೆ ಲಕ್ಷಣವೇ ಇರುವುದಿಲ್ಲ. ಮೊದಲ ಗಂಟೆಯೊಳಗೆ ಎದೆಹಾಲು, ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದ ಪರೀಕ್ಷೆ ಇವು ಮಿದುಳನ್ನು ಕಾಪಾಡಬಲ್ಲವು.

ಶಿಕ್ಷಕರೇ, ಮುಂದಿನ ಬಾರಿ ಜರಾಯುವಿನ ಪಾಠ ಮಾಡುವಾಗ ಏನು ದಾಟುತ್ತದೆ ಎಂಬುದರ ಜೊತೆಗೆ ಏನು ದಾಟುವುದಿಲ್ಲ ಎಂಬುದನ್ನೂ ಕೇಳಿ. ಉತ್ತರ ವಿದ್ಯಾರ್ಥಿಗಳಿಗೇ ಹೊಳೆಯುತ್ತದೆ.